ಮೆಣಸಿನಕಾಯಿ ಕಟ್ಟಿದ ಖೊಖೊ ಕಥೆ

ಪುಸ್ತಕ ಹರಿಯುವುದರಲ್ಲಿ ನನ್ನಷ್ಟು ಪಳಗಿದ ಕೈ ಹೊಳಲ್ಕೆರೆಯಲ್ಲಿ ಇನ್ನೊಂದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಸ್‌ಸ್ಟ್ಯಾಂಡಿನ ಪಕ್ಕ ಮಂಡಕ್ಕಿ ಮೆಣಸಿನಕಾಯಿ ಮಾರುವವಳು ನಾನು. ರದ್ದಿ ಕಾಗದವಿಲ್ಲದೆ ನನ್ನ ವ್ಯಾಪಾರವಿಲ್ಲ. ಹೊಸ ಕಟ್ಟು ಬಂದಾಗ ಕಣ್ಣಿಗೆ ಒತ್ತಿಕೊಂಡು, ತಪ್ಪಾಯ್ತು ತಾಯಿ ಎಂದು ಸರಸ್ವತಿಗೆ ಹೇಳಿ, ಆಮೇಲೆ ಹರಿಯುತ್ತೇನೆ. ಬಿಸಿ ಮೆಣಸಿನಕಾಯಿಯನ್ನು ಗಿರಾಕಿಯ ಬರಿಗೈಗೆ ಹಾಕಲಾಗುವುದಿಲ್ಲ ಎನ್ನುವುದು ಅವಳಿಗೂ ಗೊತ್ತಿರಬೇಕು. ನಾನು ಓದಿದ್ದು ಮೂರನೇ ಕ್ಲಾಸು. ಎರಡನೇ ಕ್ಲಾಸನ್ನು ಎರಡು ಸಲ ಓದಿದ್ದರಿಂದ ನಾಲ್ಕು ವರ್ಷ ಓದಿದವಳು ಎಂದೇ ಹೇಳಿಕೊಳ್ಳಬಹುದು ಎಂದು ನಮ್ಮ ಯಜಮಾನರು ಇದ್ದಾಗ ಹಾಸ್ಯ ಮಾಡುತ್ತಿದ್ದರು.

ನನ್ನ ಮೊಮ್ಮಗಳು ರೂಪ ಆಗ ಒಂಬತ್ತನೇ ಕ್ಲಾಸು. ಬಸ್‌ಸ್ಟ್ಯಾಂಡಿಗೆ ಹಳದಿ ಬಣ್ಣದ ಎಸ್‌ಟಿಡಿ ಬೂತು ಬಂದ ಹೊಸತು. ಹುಡುಗಿ ಖೊಖೊ ಅಂಕಣಕ್ಕೆ ಇಳಿದರೆ ಕೈಗೆ ಸಿಗುವವಳಲ್ಲ, ಪುಸ್ತಕ ಕೈಗೆ ಕೊಟ್ಟರೆ ಒಂದು ಸಾಲಿನಲ್ಲೇ ಸಿಕ್ಕಿಬೀಳುತ್ತಿದ್ದಳು. ಒಂದೊಂದೇ ಅಕ್ಷರ ಕೂಡಿಸಿಕೊಂಡು, ಒತ್ತಕ್ಷರ ಬಂದಲ್ಲಿ ನೀರು ಕುಡಿಯಲು ಏಳುತ್ತಿದ್ದಳು. ಕನ್ನಡದ ಟೀಚರು ಮನೆಗೆ ಹೇಳಿ ಕಳಿಸಿದರು. ನನ್ನ ಮಗ, ಅಂದರೆ ಅವಳಪ್ಪ, ಹೆಚ್ಚು ಮಾತಿನವನಲ್ಲ. ಊಟದ ತಟ್ಟೆಯ ಮುಂದೆ ಕೂತು ಒಂದೇ ಮಾತು ಹೇಳಿದ.

"ಅರ್ಧ ವರ್ಷದ ಪರೀಕ್ಷೇಲಿ ಕನ್ನಡ ಫೇಲಾದ್ರೆ ಆಟ ಬಂದ್. ಚಿತ್ರದುರ್ಗಕ್ಕೂ ಹೋಗಂಗಿಲ್ಲ."

ಚಿತ್ರದುರ್ಗದಲ್ಲಿ ಜಿಲ್ಲಾ ಮಟ್ಟದ ಪಂದ್ಯವಿತ್ತು. ಹುಡುಗಿ ಅವತ್ತು ಊಟ ಬಿಟ್ಟಳು. ನಾನು ನನಗೆ ತಿಳಿದ ವೈದ್ಯವನ್ನೆಲ್ಲ ಮಾಡಿದೆ. ಬುದ್ಧಿ ಚುರುಕಾಗುತ್ತದೆ ಎಂದು ಒಂದೆಲಗದ ಚಟ್ನಿ ತಿನ್ನಿಸಿದೆ. ನಾಲಿಗೆ ಚುರುಕಾಯಿತು, ನನಗೇ ಎದುರು ಮಾತಾಡಿದಳು. ಬಾದಾಮಿ ನೆನೆಸಿ ಕೊಟ್ಟೆ. ಅದನ್ನು ತಿಂದು ಇನ್ನೂ ಜೋರಾಗಿ ಓಡಿದಳು.

ಅಷ್ಟರಲ್ಲಿ ರದ್ದಿ ಕಟ್ಟಿನೊಳಗೆ ರಟ್ಟು ಕಿತ್ತುಹೋದ, ಅಗಲ ಹಾಳೆಯ ಒಂದು ಕಥೆ ಪುಸ್ತಕ ಬಂತು. ಮೊದಲ ಪುಟದಲ್ಲಿ ಒಂದು ಹುಡುಗಿ ಖೊಖೊ ಕಂಬ ಹಿಡಿದು ತಿರುಗುತ್ತಿರುವ ಚಿತ್ರ. ರೂಪಳಿಗೆ ತೋರಿಸಿದೆ. ಚಿತ್ರ ನೋಡಿ, ಕಾಲು ಇಟ್ಟಿರೋದೇ ತಪ್ಪು ಎಂದು ಹೇಳಿ ಬಿಸಾಕಿ ಹೋದಳು. ನನಗೆ ಸಿಟ್ಟು ಬಂತು. ಆ ಮೊದಲ ಹಾಳೆಯನ್ನೇ ಹರಿದು ಅವಳ ಸಂಜೆಯ ಮಂಡಕ್ಕಿಯನ್ನು ಅದರ ಮೇಲೆ ಸುರಿದು ಕೊಟ್ಟೆ. ಮಂಡಕ್ಕಿ ಖಾಲಿಯಾದಂತೆಲ್ಲ ಅಕ್ಷರ ಕಾಣಿಸಿಕೊಂಡಿತು. ಹುಡುಗಿ ತುಟಿ ಅಲ್ಲಾಡಿಸುತ್ತಿದ್ದಳು. ನಾನು ನೋಡದವಳಂತೆ ಹಿಟ್ಟು ಕಲೆಸಿದೆ.

ಮುಂದಿನ ಹಾಳೆ ಎಲ್ಲಿ ಎಂದು ಕೇಳಿದಳು. ನಾಳೆ ಮಂಡಕ್ಕಿ ತಿನ್ನುವಾಗ ಎಂದೆ. ಕಥೆಯಲ್ಲಿ ಚಂದ್ರಿ ಎಂಬ ಹುಡುಗಿಯ ಕಾಲು ಉಳುಕಿರುತ್ತದೆ, ತಂಡದವರು ಅವಳನ್ನು ಹೊರಗೆ ಕೂರಿಸಬೇಕೆಂದಿರುತ್ತಾರೆ. ಇದೆಲ್ಲ ನನಗೆ ರೂಪ ಬಾಯಲ್ಲಿ ಮಂಡಕ್ಕಿ ತುಂಬಿಕೊಂಡು ಹೇಳಿದ್ದು. ದಿನಕ್ಕೊಂದು ಹಾಳೆ ಎಂದಿದ್ದು ಎರಡಾಯಿತು, ಮೂರಾಯಿತು. ನೀರು ಕುಡಿಯಲು ಏಳುವುದು ನಿಂತಿತು. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಕೇಳದಿದ್ದರೂ ಹೇಳುತ್ತಿದ್ದೆ. ಉಳಿದ ಹಾಳೆಗಳನ್ನು ಮಂಡಕ್ಕಿ ಡಬ್ಬದ ಅಡಿಯಲ್ಲಿ ಜೋಪಾನವಾಗಿ ಇಟ್ಟಿದ್ದೆ.

ಜೋಪಾನ ಮಾಡಿದವಳೂ ನಾನೇ, ಕೆಡಿಸಿದವಳೂ ನಾನೇ. ಸಂತೆಯ ದಿನ ಅಂಗಡಿ ಮುಂದೆ ಜನ ಮುತ್ತಿಕೊಂಡಿದ್ದರು. ಕಾಗದ ಮುಗಿದಿತ್ತು. ಹೊಸದುರ್ಗದ ಬಸ್ಸಿನ ಕಂಡಕ್ಟರು ಬಂದು ಒಂದು ಡಜನ್ ಮೆಣಸಿನಕಾಯಿ ಬೇಗ ಕಟ್ಟಬೇಕೆಂದ. ಕೈ ತಾನಾಗಿ ಡಬ್ಬದ ಅಡಿಗೆ ಹೋಯಿತು. ಕೊನೆಯ ನಾಲ್ಕು ಹಾಳೆ, ನಾಲ್ಕು ಪೊಟ್ಟಣ. ಕೊಟ್ಟು ಐದು ನಿಮಿಷಕ್ಕೆ ರೂಪ ಮೈದಾನದಿಂದ ಬಂದು ಕೈ ಚಾಚಿದಳು. ನಾನು ಬಸ್ಸಿನ ಕಡೆ ನೋಡಿದೆ. ಅವಳು ನನ್ನ ಮುಖ ನೋಡಿದಳು. ಅಷ್ಟೇ, ಖೊ ಸಿಕ್ಕವಳಂತೆ ಓಡಿದಳು. ಹಿಂದೆ ನಾನು.

ಹೊರಟಿದ್ದ ಬಸ್ಸಿಗೆ ಅಡ್ಡ ನಿಂತುಬಿಟ್ಟಿದ್ದಳು. ಕಂಡಕ್ಟರು ಬಾಗಿಲಲ್ಲಿ ಬಗ್ಗಿ ಕೇಳಿದ:

"ಏನವ್ವ, ಚಿಲ್ರೆ ಬಾಕಿ ಐತಾ?"

"ಚಿಲ್ರೆ ಅಲ್ಲಣ್ಣ. ಮೆಣಸಿನಕಾಯಿ ಕಟ್ಟಿದ್ ಕಾಗ್ದ ಕೊಡು."

"ಕಾಗ್ದದಾಗೆ ಏನೈತೆ?"

"ಚಂದ್ರಿ ಔಟಾದ್ಲೋ ಇಲ್ವೋ, ಅದ್ರಾಗೈತೆ."

ಬಸ್ಸಿನಲ್ಲಿದ್ದವರಿಗೆ ಚಂದ್ರಿ ಯಾರೆಂದು ಗೊತ್ತಿರಲಿಲ್ಲ. ಆದರೂ ಎಲ್ಲರೂ ಬಗ್ಗಿ ಸೀಟಿನ ಕೆಳಗೆ ಹುಡುಕಿದರು. ಮೂರು ಹಾಳೆ ಸಿಕ್ಕಿದವು. ನಾಲ್ಕನೆಯದರಲ್ಲಿ ಡ್ರೈವರು ಕೈ ಒರೆಸಿಕೊಂಡು ಕಿಟಕಿಯಿಂದ ಎಸೆದಿದ್ದರು. ಅದನ್ನು ಒಂದು ಹಸು ಕಣ್ಣು ಮುಚ್ಚಿ ಮೆಲ್ಲುತ್ತಿತ್ತು.

ಸಿಕ್ಕ ಮೂರು ಹಾಳೆಗಳು ಎಣ್ಣೆ ಕುಡಿದು ಗಾಜಿನಂತಾಗಿದ್ದವು. ಈ ಕಡೆಯ ಅಕ್ಷರದ ಮೇಲೆ ಆ ಕಡೆಯ ಅಕ್ಷರ. ನನಗೆ ಇರುವೆ ಸಾಲಿನಂತೆ ಕಂಡಿತು. ಹೋದ ತಿಂಗಳು ಒಂದು ಒತ್ತಕ್ಷರಕ್ಕೆ ಹೆದರುತ್ತಿದ್ದ ಹುಡುಗಿ ಬೆಂಚಿನ ಮೇಲೆ ಕೂತು, ಹಿಂದಿನದನ್ನು ಬಿಟ್ಟು ಮುಂದಿನದನ್ನು ಆರಿಸಿ ಆರಿಸಿ ಜೋರಾಗಿ ಓದಿದಳು. ಚಂದ್ರಿ ಕುಂಟುತ್ತಾ ಕೊನೆಯ ಕಂಬ ತಿರುಗುವಲ್ಲಿಗೆ ಹಾಳೆ ಮುಗಿಯಿತು. ನಾನು ಅಳುತ್ತಿದ್ದೆ. ಕಥೆಗಲ್ಲ, ಅವಳ ಓದಿಗೆ. ಅವಳು ಮಾತ್ರ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಮೂರನೇ ದಿನ ತಾನಾಗಿ ಲೈಬ್ರರಿಗೆ ಹೋದಳು. ಪುಸ್ತಕದ ಹೆಸರೇನು ಎಂದು ಅಲ್ಲಿಯವರು ಕೇಳಿದರಂತೆ. ರಟ್ಟೇ ಇಲ್ಲದ ಪುಸ್ತಕಕ್ಕೆ ಹೆಸರೆಲ್ಲಿಂದ ಬರಬೇಕು? ನಿಂತುಕೊಂಡೇ ಇಡೀ ಕಥೆ ಹೇಳಿದಳಂತೆ. ಆ ಪುಸ್ತಕ ಅಲ್ಲಿರಲಿಲ್ಲ. ಅವರು ಬದಲಿಗೆ ಕಬಡ್ಡಿಯ ಕಥೆಯೊಂದನ್ನು ಕೊಟ್ಟು ಕಳಿಸಿದರು. ಆಮೇಲೆ ಓಟದ್ದು, ಆಮೇಲೆ ಆಟವೇ ಇಲ್ಲದ ಕಥೆಗಳೂ ಮನೆಗೆ ಬಂದವು.

ಕನ್ನಡದಲ್ಲಿ ಪಾಸಾದಳು. ನನ್ನ ಮಗ ಅಂಕಪಟ್ಟಿಯನ್ನು ಎರಡು ಸಲ ನೋಡಿ, ಚಿತ್ರದುರ್ಗದಾಗೆ ಬಿಸಿಲು ಜಾಸ್ತಿ, ನೀರಿನ ಬಾಟ್ಲು ತಗಂಡೋಗು ಎಂದ. ಹುಡುಗಿಯರು ಎರಡನೇ ಪಂದ್ಯದಲ್ಲೇ ಸೋತು ಬಂದರು. ಅದನ್ನೂ ನಾನು ಹೋದಬಂದವರಿಗೆಲ್ಲ ಗೆದ್ದವರಂತೆಯೇ ಹೇಳಿದೆ.

ಈಗ ತೊಂದರೆಯಾಗಿರುವುದು ನನಗೆ. ಯಾವ ಹಾಳೆಯಲ್ಲಿ ಯಾರ ಕಥೆ ಎಲ್ಲಿಗೆ ಬಂದು ನಿಂತಿದೆಯೋ ಎಂದು, ಒಂದೊಂದನ್ನೂ ಬೆರಳಿಟ್ಟು ಓದದೆ ಕಟ್ಟಲು ಕೈ ಬರುವುದಿಲ್ಲ. ನಿನ್ನೆಯೂ ಅದೇ ಕಂಡಕ್ಟರು ನಿಂತಿದ್ದ.

"ಅಜ್ಜಿ, ಮೆಣಸಿನಕಾಯಿ ಆರ್ತೈತೆ. ಬಸ್ಸು ಹೊರಡ್ತೈತೆ. ಕಟ್ಟವ್ವ."

"ತಡಿಯಪ್ಪ," ಎಂದೆ, "ಮದುವೆ ಆಗ್ತೈತೋ ಇಲ್ವೋ ನೋಡ್ಬಿಡ್ತೀನಿ, ಇನ್ನ ನಾಕೇ ಸಾಲು."