ಸೊಪ್ಪಿನ ಕಟ್ಟಿಗೆ ಹಸಿರು ಚುಕ್ಕಿ

ಆಗ ನನಗೆ ಅರವತ್ತೇಳು. ಈಗ್ಗೆ ಐದು ವರ್ಷದ ಮಾತು. ಅರವತ್ತೇಳು ಎನ್ನುವುದು ಆಧಾರ್ ಕಾರ್ಡಿನ ಲೆಕ್ಕ. ನಮ್ಮವ್ವನ ಲೆಕ್ಕ ಹಿಡಿದರೆ ಅರವತ್ತೊಂಬತ್ತು. ಬರೆದುಕೊಳ್ಳುವವನು ಹುಟ್ಟಿದ ತಾರೀಕು ಕೇಳಿದ, ನಾನು ರಾಗಿ ಕುಯ್ಲಿನ ಹೊತ್ತು ಅಂದೆ, ಅವನು ಜನವರಿ ಒಂದು ಎಂದು ಬರೆದುಕೊಂಡ. ನನ್ನ ಮೇಲಿನ ಚೀಟಿಯೇ ಸುಳ್ಳಾಗಿರುವಾಗ ಅಕ್ಕಿ ಬೇಳೆಯ ಮೇಲಿನ ಚೀಟಿಯನ್ನು ನಾನು ನಂಬಬಾರದಿತ್ತು. ನಂಬಿದೆ. ಅನುಮಾನದ ಹೆಂಗಸು ಎಂದು ಮನೆಯಲ್ಲೂ ಬೀದಿಯಲ್ಲೂ ನನಗೆ ಹೆಸರಿದೆ. ಆದರೆ ಅನುಮಾನ ಪಡಬೇಕಾದ ಕಡೆ ಬಿಟ್ಟು ಬೇರೆ ಕಡೆ ಪಟ್ಟೆ.

ದಟ್ಟಗಳ್ಳಿಯ ನಮ್ಮ ಬೀದಿಯ ತುದಿಗೆ ಆ ವರ್ಷ ಒಂದು ಹೊಸ ಅಂಗಡಿ ಬಂತು. ಸೊಸೆ ರೇಖಾ ನನ್ನನ್ನೂ ಕರೆದುಕೊಂಡು ಹೋದಳು. ನಾನು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ವಯಸ್ಕರ ಶಾಲೆಯಲ್ಲಿ. ಒತ್ತಕ್ಷರ ಎದುರಾದರೆ ಇವತ್ತಿಗೂ ಎಮ್ಮೆಯ ಹಾಗೆ ನಿಂತುಬಿಡುತ್ತೇನೆ. ಆ ಅಂಗಡಿಯ ಬೋರ್ಡಿನಲ್ಲಿ ಒಂದೂ ಒತ್ತಕ್ಷರ ಇರಲಿಲ್ಲ, ಅದಕ್ಕೇ ಧೈರ್ಯವಾಗಿ ಓದಲು ಹೊರಟೆ. ಸಾ. ವ. ಅಲ್ಲಿಗೇ ಕಾಲು ತಡೆಯಿತು.

‘ಏನೇ ರೇಖಾ, ತಿನ್ನೋ ಅಂಗ್ಡಿ ಬಾಗ್ಲಲ್ಲಿ ಸಾವು ಅಂತ ಬರ್ದವ್ರಲ್ಲೇ’ ಅಂದೆ.

‘ಪೂರ್ತಿ ಓದಿ ಅತ್ತೆ. ಸಾವಯವ. ಯೂರಿಯಾದಂಥ ಸರ್ಕಾರಿ ಗೊಬ್ಬರ, ಔಷಧಿ ಹಾಕದೆ ಬೆಳೆದಿದ್ದು.’

ಗೊಬ್ಬರದ ಮಾತು ಬಂದಿತೆಂದು ಹೇಳುತ್ತೇನೆ. ನಮ್ಮ ಕಾಲದಲ್ಲಿ ಎಲ್ಲವೂ ಶುದ್ಧವಾಗಿತ್ತು ಎಂದು ನನ್ನ ಓರಗೆಯವರು ಹೇಳುತ್ತಾರಲ್ಲ, ನಾನು ಹೇಳುವುದಿಲ್ಲ. ಹೊಲಕ್ಕೆ ಮೊದಲನೇ ಸಲ ಸರ್ಕಾರಿ ಗೊಬ್ಬರದ ಮೂಟೆ ಬಂದ ದಿನ ನನ್ನ ಗಂಡ ಅದಕ್ಕೆ ಕುಂಕುಮ ಇಟ್ಟು ಕೈಮುಗಿದಿದ್ದರು. ಮೂಟೆ ಬರಿದಾದ ಮೇಲೆ ಆ ಚೀಲದಲ್ಲೇ ನಾನು ಕಡಲೆಕಾಯಿ ತುಂಬಿಟ್ಟಿದ್ದೆ.

ಅಂಗಡಿಯಲ್ಲಿ ಒಂದು ರಾಗಿಹಿಟ್ಟಿನ ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ ‘ನಮ್ಮೂರ ರುಚಿ’ ಎಂದಿತ್ತು. ಬೆನ್ನಿನ ಮೇಲೆ ಇರುವೆ ಸಾಲಿನಂಥ ಇಂಗ್ಲಿಷು. ಓದಿಸಿದರೆ, ಇಂದೋರಿನಲ್ಲಿ ತುಂಬಿದ್ದಂತೆ. ನಮ್ಮೂರು ಯಾವಾಗ ಅಲ್ಲಿಗೆ ಹೋಯಿತೋ. ನನ್ನ ತವರಿನಲ್ಲಿ ರಾಗಿ ರಾಶಿ ಬಿದ್ದಿರುವಾಗ ಇದು ರೈಲು ಹತ್ತಿ ಬಂದಿದೆ. ಅಂಗಡಿಯವನು ಒಳ್ಳೆಯವನು. ‘ಅಮ್ಮ, ಬರೀ ಹೆಸ್ರು ನೋಡಿ ತಗೋಬೇಡಿ. ಹಸಿರು ಗುರ್ತು ಇದ್ಯಾ ನೋಡಿ’ ಅಂದ. ನೋಡಿದೆ. ಸಣ್ಣ ಚೌಕ, ಅದರೊಳಗೆ ಹಸಿರು ಚುಕ್ಕಿ. ಹುಡುಕಿದ ಪೊಟ್ಟಣಗಳಲ್ಲೆಲ್ಲ ಇತ್ತು. ಓದುವ ಕಷ್ಟವೇ ಇಲ್ಲದ ಗುರುತು. ಇದನ್ನು ನನ್ನಂಥವಳಿಗಾಗಿಯೇ ಮಾಡಿದ್ದಾರೆ ಎಂದು ಖುಷಿಯಾಯಿತು. ಆ ಸಂಜೆಯೇ ಎದುರು ಮನೆಯ ಶಾರದಮ್ಮನಿಗೆ ಪಾಠ ಮಾಡಿದೆ. ಅವರು ಇಡೀ ಬೀದಿಗೆ ಮಾಡಿದರು.

ಮಾರನೆಯ ದಿನ ಮಾದಮ್ಮ ಬಂದಳು. ಹೂಟಗಳ್ಳಿ ಕಾರ್ಖಾನೆಗಳ ಆಚೆಯಿಂದ ಬಸ್ಸಿನಲ್ಲಿ ಬುಟ್ಟಿ ತಂದು ಎಂಟು ವರ್ಷದಿಂದ ನಮ್ಮ ಬೀದಿಗೆ ಸೊಪ್ಪು ಹಾಕುವವಳು. ‘ಎಲ್ಲೇ ನಿನ್ ಸೊಪ್ಪಿಗೆ ಹಸಿರು ಚುಕ್ಕಿ?’ ಎಂದು ಕೇಳಿದೆ.

‘ಸೊಪ್ಪೇ ಹಸಿರಾಗೈತಲ್ಲಕ್ಕ, ಅದ್ರ ಮ್ಯಾಲೆ ಇನ್ನೇನ್ ಚುಕ್ಕಿ?’

‘ಕಾರ್ಖಾನೆ ಗೋಡೆ ಪಕ್ಕ ಬೆಳೀತೀಯ. ನೀರು ಎಲ್ಲೀದೋ, ಔಷ್ದಿ ಎಷ್ಟೋ. ಯಾರ್ ಕಂಡ್ರು?’

‘ಬೋರ್ ನೀರು ಕಣಕ್ಕ, ಬಂದು ಕುಡ್ದು ನೋಡಿ. ಹುಳ ಬಂದ್ರೆ ಬೂದಿ ಎರಚ್ತೀನಿ. ಹೂಕೋಸ್ಗೆ ಔಷ್ದಿ ಹೊಡೀದಿದ್ರೆ ಆಗಕ್ಕಿಲ್ಲ, ಅದ್ಕೇ ನಾನು ಹೂಕೋಸು ಹಾಕೋದೇ ಇಲ್ಲ.’

ಇಷ್ಟು ವಿವರ ಯಾವ ಪೊಟ್ಟಣವೂ ನನಗೆ ಹೇಳಿರಲಿಲ್ಲ. ಅದು ನನ್ನ ತಲೆಗೆ ಹೋಗಲಿಲ್ಲ. ‘ಚುಕ್ಕಿ ಇದ್ರೆ ಬಾ’ ಅಂದುಬಿಟ್ಟೆ. ಬೀದಿಯ ಬಾಗಿಲುಗಳೆಲ್ಲ ಅದನ್ನೇ ಹೇಳಿದವು. ಒಂದು ವಾರ ಅವಳ ಬುಟ್ಟಿ ತುಂಬಿ ಬಂದು ತುಂಬಿಯೇ ಹೋಯಿತು. ಶನಿವಾರ ಬಾಡಿದ ಸಬ್ಬಸಿಗೆಗೆ ನೀರು ಚಿಮುಕಿಸುತ್ತಾ, ‘ನಾಡಿದ್ದು ಒಂದಿನ ಬತ್ತೀನಿ ಕಣಕ್ಕ. ಇಂಗೇ ಆದ್ರೆ ಈ ಬೀದಿ ಬುಟ್ಬುಡ್ತೀನಿ’ ಅಂದಳು. ಬಿಡಲಿ ಎಂದುಕೊಂಡೆ. ಮಂಡಿನೋವಿನ ನಾನು ಮಾರ್ಕೆಟ್ಟಿಗೆ ಹೋಗಲಾರೆ, ಅಂಗಡಿಯ ದಂಟು ಪ್ಲಾಸ್ಟಿಕ್ಕಿನೊಳಗೆ ಬೆವೆತು ಸೊರಗಿರುತ್ತದೆ, ಬಸ್ಸಾರಿಗೆ ಏನು ಹಾಕುವುದು ಎಂಬ ಯೋಚನೆ ಆಮೇಲೆ ಬಂತು.

ಭಾನುವಾರ ಆರನೇ ಕ್ಲಾಸಿನ ಮೊಮ್ಮಗಳು ಸಿಂಚನ ಕುರುಕಲು ತಿನ್ನುತ್ತಾ ಕೂತಿದ್ದಳು. ಕೈಯೆಲ್ಲ ಕಿತ್ತಳೆ ಬಣ್ಣದ ಪುಡಿ. ಪೊಟ್ಟಣ ತಿರುಗಿಸಿದರೆ ಅದೇ ಚೌಕ, ಅದೇ ಚುಕ್ಕಿ.

‘ಇದೂ ಸಾವಯವನಾ?’ ಅಂದೆ.

‘ಅಯ್ಯೋ ಅಜ್ಜಿ, ಅದು ವೆಜ್ ಅಂತ. ಇದ್ರಲ್ಲಿ ಮಾಂಸ ಇಲ್ಲ ಅಂತ. ಸಾವಯವದ ಗುರ್ತೇ ಬೇರೆ. ಎಲೆ ಥರ ಇರತ್ತೆ.’

ಅಡಿಗೆಮನೆಗೆ ಹೋಗಿ, ಅಂಗಡಿಯಿಂದ ತಂದ ಪೊಟ್ಟಣಗಳನ್ನೆಲ್ಲ ಕೆಳಗಿಳಿಸಿ ಮಗುವಿನ ಕೈಲಿ ಹುಡುಕಿಸಿದೆ. ಎಲೆಯ ಗುರುತು ಇದ್ದದ್ದು ತೊಗರಿಬೇಳೆಗೆ ಒಂದಕ್ಕೆ. ಇಂದೋರಿನ ರಾಗಿಗೆ ಇರಲಿಲ್ಲ. ಉಳಿದವಕ್ಕೆ ಹಸು, ನೇಗಿಲು, ಪೇಟ ಸುತ್ತಿ ನಗುವ ರೈತ, ಬರೀ ಚಿತ್ರ. ಅಂಗಡಿಯವನು ಹೇಳಿದ ಗುರುತು ಆ ಎಲೆ, ನಾನು ಹಿಡಿದುಕೊಂಡದ್ದು ಈ ಚುಕ್ಕಿ. ಅಂದರೆ ಒಂದು ವಾರ ನಾನು ಮಾದಮ್ಮನನ್ನು ಗೇಟಿನಲ್ಲಿ ನಿಲ್ಲಿಸಿ, ದಂಟಿನ ಸೊಪ್ಪಿನಲ್ಲಿ ಮಾಂಸವಿಲ್ಲ ಎಂದು ಬರೆಸಿಕೊಂಡು ಬಾ ಎನ್ನುತ್ತಿದ್ದೆ. ಓದು ಬಂದ ಇಡೀ ಬೀದಿ ನನ್ನ ಹಿಂದೆ ನಿಂತಿತ್ತು.

ತಪ್ಪಾಯಿತು ಎನ್ನುವ ಅಭ್ಯಾಸ ನನಗಿಲ್ಲ. ಮಾರನೆಯ ಬೆಳಿಗ್ಗೆ ಏನು ಹೇಳಲಿ ಎಂದು ಮೆಟ್ಟಿಲ ಮೇಲೆ ಕೂತಿದ್ದಾಗಲೇ ಮಾದಮ್ಮ ಬಂದು ಬುಟ್ಟಿ ಇಳಿಸಿದಳು. ದಂಟು, ಸಬ್ಬಸಿಗೆ, ಮೆಂತ್ಯ, ಮೇಲಿದ್ದ ಕಟ್ಟುಗಳ ಬಾಳೆನಾರಿನ ಮೇಲೆಲ್ಲ ಒಂದೊಂದು ಹಸಿರು ಚುಕ್ಕಿ. ಹಣೆಗಿಡುವ ಸ್ಟಿಕ್ಕರು ಬೊಟ್ಟು.

‘ಕೇಳಿದ್ರಲ್ಲಕ್ಕ, ಇಕ್ಕಂಡ್ ಬಂದಿವ್ನಿ. ಬಸ್ಸು ಬಂದ್ಬುಡ್ತು, ಇನ್ನೊಂದಷ್ಟು ಕಟ್ಗೆ ಅಂಟ್ಸಕ್ಕೆ ಆಗ್ನಿಲ್ಲ.’

ಎದುರು ಮನೆಯ ಗೇಟು ತೆಗೆದ ಸದ್ದಾಯಿತು. ಶಾರದಮ್ಮ ಚೀಲ ಹಿಡಿದು ಬರುತ್ತಿದ್ದರು. ನಾನು ಒಂದು ಕಟ್ಟು ಮೂಸಿ ನೋಡಿದೆ, ಎಲೆ ತಿರುಗಿಸಿ ಹುಳ ತಿಂದ ತೂತು ನೋಡಿದೆ. ಆಮೇಲೆ ಮಾದಮ್ಮನ ಕೈಯಿಂದ ಬೊಟ್ಟಿನ ಹಾಳೆ ಇಸಿದುಕೊಂಡು, ಉಳಿದ ಕಟ್ಟುಗಳಿಗೆ ಬೇಗ ಬೇಗ ನಾನೇ ಅಂಟಿಸಿದೆ.