ಹದಿನಾಲ್ಕನೆಯ ಕಲಂ

ಸಾರ್ವಜನಿಕರ ಬಸ್ಸು ಓಡಿಸುವವರೆಲ್ಲರೂ ಸುರಕ್ಷತಾ ಮಾನ್ಯತೆ ಪಡೆಯತಕ್ಕದ್ದು ಎಂಬ ಆದೇಶ ಹೊರಬಿದ್ದಾಗ, ಪಟ್ಟಣದಲ್ಲಿ ನಿಶ್ಚಿಂತೆಯಿಂದ ಇದ್ದವನು ಒಬ್ಬನೇ. ಅವನನ್ನು ಎಲ್ಲರೂ ನಿಧಾನಣ್ಣ ಅನ್ನುತ್ತಿದ್ದರು. ಅವನದೊಂದು ಸ್ವಂತ ಬಸ್ಸು, ಹೆಂಡತಿಯೇ ಕಂಡಕ್ಟರ್. ಇಪ್ಪತ್ತೆರಡು ವರ್ಷದಲ್ಲಿ ಆ ಬಸ್ಸು ಒಂದು ಕೋಳಿಯನ್ನೂ ಮುಟ್ಟಿರಲಿಲ್ಲ.

ಅವನ ಅರ್ಜಿ ವಾಪಸು ಬಂತು. ಹದಿನಾಲ್ಕನೆಯ ಕಲಂ ಖಾಲಿ ಇದೆಯಂತೆ. ‘ಹಿಂದಿನ ಅಪಘಾತದ ವಿವರ ಹಾಗೂ ಅದರಿಂದ ಕಲಿತ ಪಾಠ.’

“ಅಪಘಾತ ಆಗೇ ಇಲ್ಲ ಸಾರ್,” ಎಂದ ನಿಧಾನಣ್ಣ.

“ಅಂದ್ರೆ ಪಾಠಾನೂ ಕಲಿತಿಲ್ಲ,” ಎಂದರು ಅಧಿಕಾರಿಗಳು. “ಇಪ್ಪತ್ತೆರಡು ವರ್ಷ ಏನ್ ಮಾಡ್ತಿದ್ರಿ?”

ಬೆಳಗಿನ ಬಸ್ಸಿನವನು ಮೂರು ಸಲ ಹಳ್ಳಕ್ಕೆ ಬಿದ್ದು ‘ಅತ್ಯುತ್ತಮ’ ದರ್ಜೆ ಪಡೆದದ್ದನ್ನು ಅವರು ನೆನಪಿಸಿದರು. ಮಾನ್ಯತೆಯಿಲ್ಲದ ಬಸ್ಸು ಸೋಮವಾರದಿಂದ ರಸ್ತೆಗಿಳಿಯುವಂತಿಲ್ಲ. ಆದರೆ ಇಲಾಖೆಯದೇನೂ ಕಲ್ಲೆದೆಯಲ್ಲ. ಅಪಘಾತದ ಅನುಭವವಿಲ್ಲದವರ ಅನುಕೂಲಕ್ಕೆಂದು ಕಚೇರಿ ಗೇಟಿನ ಎಡಗಂಬವನ್ನು ಮೀಸಲಿಟ್ಟಿತ್ತು. ವೇಳೆ ಹನ್ನೊಂದರಿಂದ ಒಂದು. ಬ್ಯಾಂಡೇಜು ಅರ್ಜಿದಾರರೇ ತರತಕ್ಕದ್ದು.

ಮನೆಯಲ್ಲಿ ಅವನಿಗೆ ಊಟ ಸೇರಲಿಲ್ಲ. “ಕಂಬ ತಾನೇ, ಮನುಷ್ಯರಲ್ವಲ್ಲ. ಕಣ್ಮುಚ್ಚಿ ಗುದ್ದಿಬಿಡಿ,” ಎಂದಳು ಹೆಂಡತಿ.

ಶುಕ್ರವಾರ ತಪಾಸಕರು ಕುರ್ಚಿ ಹಾಕಿಕೊಂಡು ಕುಳಿತರು. ಬಸ್ಸು ಹೊರಟಿತು. ಕಂಬ ಗೇಣು ದೂರವಿದ್ದಾಗ ನಿಧಾನಣ್ಣನ ಕಾಲು ತಾನಾಗಿ ಬ್ರೇಕ್ ತುಳಿಯಿತು. ಎರಡನೆಯ ಸಲವೂ ಅದೇ, ಮೂರನೆಯ ಸಲವೂ ಅದೇ. ‘ಅರ್ಜಿದಾರರು ಸಹಕರಿಸುತ್ತಿಲ್ಲ’ ಎಂದು ತಪಾಸಕರು ಬರೆದುಕೊಂಡರು. ಕಲಿತ ವಿದ್ಯೆಯೇ ಹೊಟ್ಟೆಗೆ ಮುಳುವಾಯಿತಲ್ಲ ಎಂದು ಅವನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಕುಳಿತುಬಿಟ್ಟ.

ನೋಡಲು ಬಂದಿದ್ದ ನಿತ್ಯದ ಪ್ರಯಾಣಿಕರಿಗೆ ಕರುಳು ಚುರುಕ್ ಎಂದಿತು. ಅವನನ್ನು ಕೆಳಗಿಳಿಸಿ, ಎಲ್ಲರೂ ಸೇರಿ ಬಸ್ಸನ್ನು ಹಿಂದಿನಿಂದ ತಳ್ಳಿದರು. ಕಂಬ ಬಿರುಕುಬಿಟ್ಟಿತು, ದೀಪ ಒಡೆಯಿತು, ಕಲಂ ತುಂಬಿತು. ಕಲಿತ ಪಾಠವನ್ನು ತಪಾಸಕರೇ ಬರೆದುಕೊಟ್ಟರು: ‘ಚಾಲಕರು ಕೆಳಗಿದ್ದರೆ ಕೆಲಸ ಬೇಗ ಮುಗಿಯುತ್ತದೆ.’

ಸೋಮವಾರ ಗಾಜಿನ ಮೇಲೆ ಪ್ರಮಾಣಪತ್ರ ರಾರಾಜಿಸಿತು. ಮಾನ್ಯತೆ ಒಂದು ವರ್ಷಕ್ಕೆ ಮಾತ್ರ. ನವೀಕರಣಕ್ಕೆ ಪ್ರಗತಿ ತೋರಿಸಬೇಕಾದ್ದರಿಂದ ಹೆಂಡತಿ ಆಗಲೇ ಕಚೇರಿಯ ಗೋಡೆಗೆ ಟೋಕನ್ ತೆಗೆಸಿದ್ದಳು.

ಹದಿನೈದು ವರ್ಷದಿಂದ ಅದೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುವ ಅಜ್ಜಿಯೊಬ್ಬರು ಪತ್ರವನ್ನು ಓದಿಸಿ ಕೇಳಿದರು. ನಿರಾಳವಾಗಿ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತರು.

“ಇಷ್ಟು ದಿನ ದೇವರ ಮೇಲೆ ಭಾರ ಹಾಕಿ ಕೂರ್ತಿದ್ದೆ ಕಣಪ್ಪ,” ಎಂದರು. “ಇನ್ನು ಧೈರ್ಯವಾಗಿ ಕೂರಬಹುದು.”

ನಿಧಾನಣ್ಣ ಹೌದೆಂದು ತಲೆಯಾಡಿಸಿ ಗೇರು ಹಾಕಿದ.