ಬಾಮೈದನ ಫೋಟೋ ಮತ್ತು ಡಿಎನ್‌ಎಸ್ ಮುಹೂರ್ತ

ಪೀಣ್ಯದ ಕಾರ್ಖಾನೆಗಳಿಗೆ ವೆಬ್‌ಸೈಟ್ ಮಾಡಿಕೊಡುವವಳು ನಗುವುದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಗ್ಗೆ ಷಟರ್ ಎತ್ತಿದರೆ ಸಾಕು, ಯಾರಾದರೊಬ್ಬರು ಮೆಟ್ಟಿಲು ಹತ್ತಿ ಬಂದೇ ಬರುತ್ತಾರೆ, ಏನಾದರೊಂದು ಆಗಿಯೇ ಆಗುತ್ತದೆ. ನಗು ಮಾತ್ರ ಆಮೇಲೆ ಬರುವುದು. ಆ ಹೊತ್ತಿಗೆ ತಲೆ ಚಚ್ಚಿಕೊಳ್ಳೋಣ ಎನಿಸುತ್ತದೆ.

ಗ್ಯಾಸ್ಕೆಟ್ ಅಂಗಡಿಯ ಮೇಲೆ ನನ್ನದೊಂದು ಪುಟ್ಟ ಆಫೀಸಿತ್ತು. ಒಂದೇ ರಸ್ತೆಯ ಮಾಲೀಕರೆಲ್ಲ ನನ್ನ ಗಿರಾಕಿಗಳು. ಕುರಿಮಂದೆಯ ಹಾಗೆ, ಒಬ್ಬರು ಹೋದ ಕಡೆಗೇ ಎಲ್ಲರೂ. ಎಲ್ಲರಿಗಿಂತ ಮುಂದೆ ನಡೆಯುವ ಕುರಿ ಸ್ಪ್ರಿಂಗ್ ಕಾರ್ಖಾನೆಯ ಯಜಮಾನರು. ಒಂದು ದಿನ ಅವರು ಏದುಸಿರು ಬಿಡುತ್ತ ಬಂದರು.

"ಮೇಡಂ, ಜರ್ಮನಿಯಿಂದ ಪಾರ್ಟಿ ಬರ್ತಾವ್ರೆ. ಅಷ್ಟ್ರೊಳ್ಗೆ ಆ ಅಳೇ ಸೈಟು ಓಗ್ಬೇಕು. ಅದ್ರಲ್ಲಿ ನನ್ ಬಾಮೈದನ ಫೋಟೋ ಐತೆ, ಕೆಳ್ಗೆ ಮ್ಯಾನೇಜಿಂಗ್ ಡೈರೆಕ್ಟರ್ ಅಂತ ಬರ್ಕೊಂಡವ್ನೆ! ಅವ್ರು ಅದ್ನ ಕಂಡ್ರೋ, ನಾನೂ ನಿಮ್ ಗಿರಾಕಿ ಅಲ್ಲ, ಈ ರೋಡಲ್ಲಿ ಇನ್ಯಾರೂ ಅಲ್ಲ."

ನನ್ನ ಅನ್ನದ ತಟ್ಟೆ ಒಬ್ಬ ಬಾಮೈದನ ಮುಖದ ಮೇಲೆ ನಿಂತಿತು. ಹೊಸ ಸೈಟು ಸಿದ್ಧವಿತ್ತು. ತೊಡಕಿದ್ದದ್ದು ಡಿಎನ್‌ಎಸ್‌ನಲ್ಲಿ.

ಟೀ ಅಂಗಡಿಯವನು

"ಡಿಎನ್‌ಎಸ್ ಅಂದ್ರೇನು?" ಎಂದು ಯಜಮಾನರು ಕೇಳಿದರು.

"ನಿಮ್ಮ ಕಾರ್ಖಾನೆ ಎಲ್ಲಿ ಅಂತ ಹೊಸಬ್ರು ಯಾರನ್ನ ಕೇಳ್ತಾರೆ?" ಎಂದೆ ನಾನು.

"ಮೂಲೆ ಟೀ ಅಂಗ್ಡಿಯೋನ್ನ. ವೇಬ್ರಿಜ್ ದಾಟಿ ಎಡಕ್ಕೆ, ಅಸ್ರು ಗೇಟು ಅಂತಾನೆ."

"ಇಂಟರ್ನೆಟ್ಟಲ್ಲಿ ಆ ಕೆಲಸ ಮಾಡೋದೇ ಡಿಎನ್‌ಎಸ್. ಸೈಟಿನ ಹೆಸರು ಹೇಳಿದ್ರೆ ದಾರಿ ತೋರಿಸುತ್ತೆ. ನಿಮಗೆ ಸ್ಪ್ರಿಂಗಿಗೊಂದು ಹೆಸರು, ವಾಷರಿಗೊಂದು, ಅಮ್ಮಾವ್ರ ಹೆಸರಲ್ಲೊಂದು. ಒಂದೊಂದಕ್ಕೂ ಒಬ್ಬೊಬ್ಬ ಟೀ ಅಂಗಡಿಯೋನು. ಈ ರಸ್ತೆಯೋರದ್ದೆಲ್ಲಾ ಹೀಗೇ ಇದೆ. ಎಲ್ಲಾ ಹೆಸರನ್ನೂ ಒಂದೇ ಕಂಪನಿ ಕೈಗೆ ಕೊಟ್ಟುಬಿಡೋಣ. ವರ್ಷಕ್ಕಿಷ್ಟು ಅಂತ ತಗೋತಾರೆ."

ಯಜಮಾನರು ಯೋಚಿಸಿದರು. "ನಮ್ ಟೀ ಅಂಗ್ಡಿಯೋನು ದಾರಿ ತೋರ್ಸಕ್ಕೆ ಕಾಸು ತಕ್ಕಳಲ್ಲ. ಇವ್ರ್ಯಾಕೆ ತಕ್ಕಂತಾರೆ?"

"ಇವರ ಹತ್ರ ದಿನಾ ಲಕ್ಷಾಂತರ ಜನ ದಾರಿ ಕೇಳ್ತಾರಲ್ಲ, ಯಜಮಾನ್ರೇ."

"ಅಷ್ಟ್ ಜನ ಬಂದ್ರೆ ಅವ್ರೂ ಟೀನೇ ಮಾರ್ಕೋಬೋದಲ್ವಾ?"

ಚಂದಾಪುರದ ತಾಂಬೂಲ

ಹಳೇ ಸೈಟು ಮಾಡಿಸಿದ್ದವನು ಬಾಮೈದ, ಸ್ಪ್ರಿಂಗಿನ ಹೆಸರಿನ ಪಾಸ್‌ವರ್ಡೂ ಅವನ ಹತ್ತಿರವೇ ಇತ್ತು. ಬಾಮೈದ ಚಂದಾಪುರದಲ್ಲಿದ್ದ, ಮುನಿಸಿಕೊಂಡಿದ್ದ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಜಾತಿ. ನಾನು ಫೋನ್ ಮಾಡಿದಾಗ ಪಾಸ್‌ವರ್ಡ್ ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ.

"ಬಾವ ಹೊಸ ಮನೆ ಗೃಹಪ್ರವೇಶಕ್ಕೆ ನನ್ನನ್ನ ಫೋನಲ್ಲಿ ಕರೆದ್ರು ಮೇಡಂ! ಕುಂಕುಮ ಇಲ್ಲ, ತಾಂಬೂಲ ಇಲ್ಲ. ನಾನೇನು ಗ್ಯಾಸ್ ಸಿಲಿಂಡರ್ ಹುಡುಗನಾ, ಫೋನ್ ಮಾಡಿದ ಕೂಡ್ಲೇ ಬರೋಕೆ?"

ಹಾಗಾಗಿ ಮುಗಿದುಹೋದ ಗೃಹಪ್ರವೇಶಕ್ಕೆ ಕರೆಯಲು ನಾವು ಹೊರಟೆವು. ಯಜಮಾನರ ಹೆಂಡತಿ ಮುಂದಿನ ಸೀಟಿನಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಹಿಡಿದು, ನಾನು ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ವೀಳ್ಯದೆಲೆ ಬಾಡಿತು, ನನ್ನ ಬ್ಯಾಟರಿಯೂ ಬಾಡಿತು.

ಬಾಮೈದ ಹೊಸ ಪಂಚೆ ಉಟ್ಟು ಕಾಯುತ್ತಿದ್ದ. ಅಕ್ಕ ಕುಂಕುಮವಿಟ್ಟು ಕರೆದರು. ಆತ ಗಂಭೀರವಾಗಿ ತಾಂಬೂಲ ತೆಗೆದುಕೊಂಡು, "ಪಾಸ್‌ವರ್ಡ್ ಬರ್ಕೊಳಿ ಮೇಡಂ" ಎಂದ. "ಮೊದ್ಲು ಬಾವ, ಆಮೇಲೆ ಜಿಪುಣ. ಎಲ್ಲಾ ಇಂಗ್ಲಿಷಲ್ಲಿ, ಮಧ್ಯೆ ಜಾಗ ಬಿಡಬೇಡಿ."

ನಾನು ಹೆದರಿ ಅಕ್ಕನ ಮುಖ ನೋಡಿದೆ. ಅವರು ಸೆರಗು ಸರಿಮಾಡಿಕೊಳ್ಳುತ್ತ, "ಮರ್ತೋಗೋ ಅಂಥದ್ದಲ್ಲ ಬಿಡಪ್ಪ" ಎಂದರು.

ನೂರಕ್ಕೆ ನೂರು

ಇನ್ನು ಯಾವ ಕಂಪನಿಗೆ ಕೊಡುವುದು? ಮಾಲೀಕರ ಸಭೆ ಸೇರಿತು. ನಾನು ಮೂರು ಕಂಪನಿಗಳ ವೇಗವನ್ನು ಅಳೆದು, ಪಟ್ಟಾಗಿ ಕುಳಿತು ತಯಾರಾಗಿದ್ದೆ. ಬಾಯಿ ತೆರೆಯಲು ಬಿಟ್ಟರೆ ತಾನೇ! ಗ್ಯಾಲ್ವನೈಸಿಂಗ್ ಕಾರ್ಖಾನೆಯ ಹಿರಿಯರೊಬ್ಬರು ಅಧ್ಯಕ್ಷರಂತೆ ಕುಳಿತು ಮೂವರನ್ನೂ ವಿಚಾರಣೆಗೆ ತೆಗೆದುಕೊಂಡರು.

"ಮೊದಲನೇದು ಪುಕ್ಕಟೆ" ಎಂದೆ.

"ಬೇಡ. ಪುಕ್ಕಟೆದು ಕೆಟ್ರೆ ಯಾರಿಗ್ರೀ ಬೈಯೋದು? ಬೈಯಕ್ಕೆ ಒಬ್ಬ ಬೇಕು."

"ಎರಡನೇದು ನೂರಕ್ಕೆ ನೂರು ನಡೆಯುತ್ತೆ, ಒಂದು ಕ್ಷಣಾನೂ ನಿಲ್ಲಲ್ಲ ಅಂತಾರೆ."

ಹಿರಿಯರು ಕನ್ನಡಕ ತೆಗೆದರು. "ನೂರಕ್ಕೆ ನೂರಾ? ನಮ್ಮ ಕರೆಂಟ್ ಆಫೀಸ್‌ನೋರು ಇಷ್ಟು ವರ್ಷದಲ್ಲಿ ಒಂದಿನಾನೂ ಆ ಮಾತಾಡಿಲ್ಲ. ಸುಳ್ಳ ಕಣ್ರೀ ಇವ್ನು. ಮುಂದೆ?"

"ಮೂರನೇದು ತೊಂಬತ್ತೊಂಬತ್ತು ಚಿಲ್ಲರೆ."

"ಒಂದಲ್ಲ ಒಂದಿನ ಕೈ ಕೊಡ್ತೀನಿ ಅಂತ ಮೊದ್ಲೇ ಹೇಳಿದಾನೆ. ಮಾನವಂತ. ಇವನಿಗೇ ಕೊಡಿ."

ಎಲ್ಲರೂ ತಲೆಯಾಡಿಸಿದರು. ಸೋಜಿಗವೆಂದರೆ, ಅಷ್ಟೆಲ್ಲ ಅಳೆದೂ ಸುರಿದೂ ನಾನು ಆರಿಸಿಟ್ಟಿದ್ದೂ ಅದನ್ನೇ.

ಮುಹೂರ್ತ

ಜರ್ಮನಿಯವರು ಶನಿವಾರ ಬರುವವರಿದ್ದರು. ಶುಕ್ರವಾರ ಹತ್ತೂವರೆಗೆ ರಾಹುಕಾಲ, ಅದಕ್ಕೆ ಮುಂಚೆ ಬದಲಾವಣೆ ಆಗಬೇಕೆಂದು ಯಜಮಾನರ ಅಪ್ಪಣೆ. ಅವರ ಆಫೀಸಿನ ಕಂಪ್ಯೂಟರಿಗೆ ಅರಿಶಿನ ಕುಂಕುಮ, ಹೂವಿನ ಹಾರ. ಹಳೇ ಸೈಟಿಗೆ ವಿದಾಯವೆಂದು ಅದನ್ನೇ ತೆರೆದಿಟ್ಟಿದ್ದರು, ಬಾಮೈದ ಹಾರದ ನಡುವೆ ನಗುತ್ತಿದ್ದ. ಬಾಗಿಲಲ್ಲಿ ಬೂದಗುಂಬಳ ಒಡೆದರು. ಯಜಮಾನರು ಕಣ್ಣುಮುಚ್ಚಿ ನನ್ನ ಲ್ಯಾಪ್‌ಟಾಪಿನ ಗುಂಡಿ ಒತ್ತಿದರು, ಕಣ್ಣು ಬಿಟ್ಟರು.

"ಇವ್ನು ಇನ್ನೂ ಇಲ್ಲೇ ಅವ್ನಲ್ಲ ಮೇಡಂ?"

"ಎಲ್ಲಾ ಕಡೆ ಬದಲಾಗೋಕೆ ಒಂದೆರಡು ದಿನ ಹಿಡಿಯುತ್ತೆ, ಯಜಮಾನ್ರೇ."

"ಎರ್ಡು ದಿನ್ವಾ! ಮಧ್ಯೆ ರಾವುಕಾಲ ಬತ್ತದಲ್ರೀ!"

"ತಾಳಿ ಕಟ್ಟೋದು ಮುಹೂರ್ತಕ್ಕೆ. ಹೆಣ್ಣು ಗಂಡನ ಮನೆ ಸೇರೋದು ಆಮೇಲೆ ತಾನೇ?" ಎಂದೆ. ಆ ಮಾತು ಅವರಿಗೆ ನಾಟಿತು.

ಆಮೇಲೆ ಶುರುವಾಯಿತು ಫೋನ್ ಸುರಿಮಳೆ. "ದಾಸರಹಳ್ಳಿಗೆ ಬಂತಂತೆ!" "ಮಾರತ್ತಹಳ್ಳೀಲಿ ಮಗಳ ಮನೇಗೂ ಬಂತಂತೆ!" ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಸಮಾಧಾನ ಹೇಳಿ ನಾನು ಮನೆಗೆ ಹೋದೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಜಗತ್ತಿಗೆಲ್ಲ ಹೊಸ ಸೈಟು ಬಂದಿತ್ತು, ಯಜಮಾನರ ಆಫೀಸಿನ ಕಂಪ್ಯೂಟರೊಂದನ್ನು ಬಿಟ್ಟು.

ಅಲ್ಲಿಗೆ ಓಡಿಬಂದು ಡಿಎನ್‌ಎಸ್ ಕಂಪನಿಗೆ ಫೋನ್ ಮಾಡಿದೆ. ಒಬ್ಬ ಮೂಗಿನಲ್ಲಿ ಅಮೆರಿಕದ ಇಂಗ್ಲಿಷ್ ಮಾತಾಡಿ, ಹೋಲ್ಡ್ ಮಾಡಿ ಎಂದ. ಸಂಗೀತ ಕೇಳಿಸಲಿಲ್ಲ. "ಮಗಾ, ನಂಗೆರಡು ಇಡ್ಲಿ, ಚಟ್ನಿ ಜಾಸ್ತಿ ಹಾಕ್ಸು" ಎಂದು ಕೇಳಿಸಿತು.

"ಕನ್ನಡದೋರಾ!" ಎಂದು ಕಿರುಚಿದೆ.

"ಅಯ್ಯೋ, ಮೆತ್ತಗೆ ಅಕ್ಕಾ! ಆ ಕಂಪ್ಯೂಟರು ಹಳೇ ಅಡ್ರೆಸ್ಸು ನೆನಪಲ್ಲಿಟ್ಕೊಂಡಿದೆ ಅಷ್ಟೆ. ಒಂದ್ಸಲ ಆಫ್ ಮಾಡಿ ಆನ್ ಮಾಡಿ."

ಯಜಮಾನರು ಕಂಪ್ಯೂಟರಿಗೆ ಅಡ್ಡ ನಿಂತುಬಿಟ್ಟರು. "ಪೂಜೆ ಆಗಿರೋದ್ನ ಆರಿಸದಾ? ಜರ್ಮನಿಯೋರು ಬಂದೋಗೋವರ್ಗೂ ಯಾರೂ ಮುಟ್ಟಂಗಿಲ್ಲ!"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು. ಜರ್ಮನಿಯವರು ಒಳಗೆ ಬಂದು ಕುಳಿತರು, ನಿಮ್ಮ ಸೈಟನ್ನು ಇಲ್ಲೇ ನೋಡೋಣ ಎಂದರು. ಯಜಮಾನರು ಎರಡೂ ಕೈ ಅಗಲಿಸಿ ಪರದೆಯನ್ನು ಮುಚ್ಚಿ ನಿಂತರು. ಅವರ ಕಂಕುಳ ಸಂದಿಯಿಂದ ಬಾಮೈದ ನಗುತ್ತಿದ್ದ. ಬಂದವರು ಕುತ್ತಿಗೆ ಚಾಚಿದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಕರೆಂಟ್ ಹೋಯಿತು.

ಯುಪಿಎಸ್ ಇತ್ತು, ಆದರೆ ಬ್ಯಾಟರಿ ಸತ್ತು ವರ್ಷಗಳಾಗಿ ಅದರ ಮೇಲೆ ಗಣಪತಿ ಫೋಟೋ ಕೂತಿತ್ತು. ಪರದೆ ಕಪ್ಪಾಯಿತು, ಬಾಮೈದ ಮಾಯವಾದ. ಯಜಮಾನರು ಬೆವರೊರೆಸಿಕೊಂಡು ಎಳನೀರು ತರಿಸಿದರು. ಎಳನೀರು ಮುಗಿಯುವ ಹೊತ್ತಿಗೆ ಕರೆಂಟೂ ಬಂತು, ಕಂಪ್ಯೂಟರ್ ಕಣ್ಣುಬಿಟ್ಟಿತು, ಸೈಟು ತೆರೆಯಿತು. ಹಾರದ ನಡುವೆ ಈಗ ಯಜಮಾನರೇ, ಮೈಸೂರು ಪೇಟ ಸುತ್ತಿಕೊಂಡು! ಜರ್ಮನಿಯವರು ಚಪ್ಪಾಳೆ ತಟ್ಟಿದರು, ಸ್ಯಾಂಪಲ್ಲಿಗೆ ಆರ್ಡರ್ ಕೊಟ್ಟೇ ಎದ್ದರು.

ಅವರ ಕಾರು ಗೇಟು ದಾಟಿದ ಮೇಲೆ ಯಜಮಾನರು ಕಿಟಕಿಯಾಚೆಯ ಟ್ರಾನ್ಸ್‌ಫಾರ್ಮರಿಗೆ ಕೈಮುಗಿದರು.

"ಮೇಡಂ, ಬರೋ ವರ್ಸ ಆ ತೊಂಬತ್ತೊಂಬತ್ತು ಚಿಲ್ರೆಯೋನು ಬ್ಯಾಡ. ಈ ಡಿಎನ್‌ಎಸ್‌ನೂ ಕರೆಂಟ್ ಆಫೀಸ್‌ನೋರ್ಗೇ ಕೊಟ್ಬುಡಿ. ಮುವೂರ್ತ ಅಂದ್ರೇನು ಅಂತ ಗೊತ್ತಿರೋರು ಅವ್ರೊಬ್ರೇಯ."